ಮೇಷ್ಟ್ರ 30.6 ಗ್ರಾಂ ನಾರು

ನಾನು ಶಿವಮೊಗ್ಗದಲ್ಲಿ ಡಯಟಿಷಿಯನ್. ಒಬ್ಬ ಫಿಜಿಷಿಯನ್ ಅವರ ಕ್ಲಿನಿಕ್ಕಿನ ಪಕ್ಕದ ಸಣ್ಣ ರೂಮಿನಲ್ಲಿ ಕೂರುತ್ತೇನೆ. ಇಲ್ಲಿ ಬರೆಯುತ್ತಿರುವುದು ಊಟದಲ್ಲಿನ ನಾರಿನಂಶದ (ಫೈಬರ್) ಬಗ್ಗೆ, ಒಂದೇ ಒಂದು ಕೇಸಿನ ಕಥೆ. ಕೇಸು ಕೊನೆಗೆ ಸರಿಹೋಯಿತು, ಆದರೆ ಶುರುವಿನಲ್ಲಿ ಕೆಟ್ಟಿದ್ದು ನನ್ನಿಂದಲೇ. ಅದಕ್ಕೇ ಬರೆಯಬೇಕು ಅನ್ನಿಸಿತು.

ಆ ಕೇಸು ಒಬ್ಬ ಮೇಷ್ಟ್ರದ್ದು. ನಾನು ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು. "ನನ್ನ ಹೊಟ್ಟೆ ಕಥೆನ ನನ್ನ ಹಳೇ ಹುಡುಗರು ಓದೋದು ಬೇಡಮ್ಮ. ಲೆಕ್ಕ ತಪ್ಪಿದಾಗ ಅವರಿಗೆ ಎಷ್ಟು ಬೈದಿದ್ದೀನಿ."

ಬಂದಾಗ ಹೇಗಿದ್ದರು

ಜೂನ್ ಎರಡನೇ ವಾರ, ಮಳೆ ಆಗಷ್ಟೇ ಹಿಡಿದಿತ್ತು. ಮೇಷ್ಟ್ರಿಗೆ 64 ವರ್ಷ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ನಿವೃತ್ತಿ ಆದ ಮೇಲೂ ಎರಡೂವರೆ ವರ್ಷ ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಇದ್ದರು. ಒಂದೂವರೆ ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ವಿನೋಬನಗರದ ಮಗನ ಮನೆಗೆ ಬಂದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು.

"ಹೊಟ್ಟೆ ಸರಿಯಾಗಿ ಹೋಗ್ತಿಲ್ಲ" ಅಂದರು. ಅಷ್ಟೇ. ನಮ್ಮ ಜನ ಶುಗರ್ ಎಷ್ಟಿದೆ ಅಂತ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾರೆ, ಇದನ್ನು ಮಾತ್ರ ಡಾಕ್ಟರ ಹತ್ತಿರವೂ ಬಾಯಿಬಿಡುವುದಿಲ್ಲ. ಅದಕ್ಕೇ ನನ್ನ ಮೇಜಿನ ಗಾಜಿನ ಕೆಳಗೆ ಬ್ರಿಸ್ಟಲ್ ಚಾರ್ಟ್ ಇಟ್ಟಿದ್ದೇನೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾದ ಪಟ್ಟಿ ಅದು. ಮಲ ಹೇಗಿದೆ ಅನ್ನುವುದನ್ನು 1ರಿಂದ 7ರವರೆಗೆ ಚಿತ್ರದಲ್ಲಿ ತೋರಿಸುತ್ತದೆ. ಮಾತಾಡುವುದೇ ಬೇಡ, ಬೆರಳಿಟ್ಟರೆ ಸಾಕು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು 1ರ ಮೇಲೆ ಬೆರಳಿಟ್ಟರು. ಆಡಿನ ಹಿಕ್ಕೆಯ ಹಾಗೆ, ಗಟ್ಟಿ ಗುಂಡು ಗುಂಡು. ಅದೂ ಮೂರು ದಿನಕ್ಕೊಮ್ಮೆ.

ನನ್ನ ಹತ್ತಿರ ಬರುವ ಮೊದಲೇ ಡಾಕ್ಟರು ಮಾಡಬೇಕಾದ್ದನ್ನು ಮಾಡಿದ್ದರು. ಇದನ್ನು ಒತ್ತಿ ಹೇಳಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಮಲಬದ್ಧತೆ ಶುರುವಾದರೆ, ಮಲದಲ್ಲಿ ರಕ್ತ ಕಂಡರೆ, ಸುಮ್ಮಸುಮ್ಮನೆ ತೂಕ ಇಳಿದರೆ, ರಕ್ತ ಕಮ್ಮಿಯಾದರೆ, ನಾರು ಗೀರು ಅಂತ ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರುವ ಹಾಗಿಲ್ಲ. ಮೊದಲು ಡಾಕ್ಟರು ನೋಡಬೇಕು. ಮೇಷ್ಟ್ರಿಗೆ ಥೈರಾಯ್ಡ್, ಹಿಮೋಗ್ಲೋಬಿನ್, ಕೊಲೊನೋಸ್ಕೋಪಿ ಎಲ್ಲ ಆಗಿತ್ತು, ಎಲ್ಲ ಸರಿಯಿತ್ತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 6.2. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದರು.

ಹಿಂದಿನ ದಿನ ಏನೇನು ತಿಂದಿರಿ ಅಂತ ಕೇಳಿದೆ. ಬೆಳಿಗ್ಗೆ ನಾಲ್ಕು ಬ್ರೆಡ್, ಕಾಫಿ. ಹನ್ನೊಂದಕ್ಕೆ ಬಿಸ್ಕೆಟ್, ಕಾಫಿ. ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ಚಮಚ ಬೀನ್ಸ್ ಪಲ್ಯ, ಮಜ್ಜಿಗೆ. ಸಂಜೆ ಬೇಕರಿಯ ಖಾರ ಬನ್. ರಾತ್ರಿ ಅನ್ನ, ಅದೇ ಸಾರು, ಮೊಸರು. ಮಲಗುವಾಗ ಒಂದು ಬಾಳೆಹಣ್ಣು, "ಹೊಟ್ಟೆ ಹೋಗಲಿ ಅಂತ". ನೀರು? "ಈ ಮಳೇಲಿ ಯಾರಿಗಮ್ಮ ಬಾಯಾರಿಕೆ ಆಗತ್ತೆ?"

ಕೂಡಿ ನೋಡಿದೆ. ನಾರಿನಂಶ 13 ಗ್ರಾಂ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು 2000 ಕ್ಯಾಲೊರಿ ಊಟಕ್ಕೆ ಸುಮಾರು 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ಕಮ್ಮಿ ಎಂದರೆ 25 ಗ್ರಾಂ ಇರಲಿ ಅಂದಿದೆ. ಹೊರಗೆ ಬೆಂಚಿನ ಮೇಲೆ ಇನ್ನೂ ಆರೇಳು ಜನ ಕಾಯುತ್ತಿದ್ದರು. ನಾನು ಚೀಟಿಯಲ್ಲಿ ಬರೆದಿದ್ದು ಇಷ್ಟು: "ದಿನಕ್ಕೆ 30 ಗ್ರಾಂ ನಾರು. ಕಾಳು, ಸೊಪ್ಪು, ಹಣ್ಣು. ನೀರು ಜಾಸ್ತಿ." 30ರ ಕೆಳಗೆ ಎರಡು ಗೆರೆ ಎಳೆದೆ. ಯಾವ ಪದಾರ್ಥದಲ್ಲಿ ಎಷ್ಟು ನಾರಿದೆ ಅನ್ನುವ ಒಂದು ಹಾಳೆಯನ್ನೂ ಕೊಟ್ಟೆ.

ಗಣಿತದ ಮೇಷ್ಟ್ರ ಕೈಗೆ ಒಂದು ಅಂಕಿ, ಒಂದು ಕೋಷ್ಟಕ. ಮುಂದೆ ಏನಾಗುತ್ತೆ ಅಂತ ನನಗೆ ಹೊಳೆಯಬೇಕಿತ್ತು.

ನೋಟ್‌ಬುಕ್ಕಿನ ಲೆಕ್ಕ

ಆ ನೋಟ್‌ಬುಕ್ ನಾನು ಆಮೇಲೆ ನೋಡಿದೆ. ಚೌಕಳಿ ಹಾಳೆಯ ಗಣಿತದ ಪುಸ್ತಕ. ಚೆಂದದ ಅಕ್ಷರ. "ಈಗಿನದು 13. ಕಡಲೆಕಾಳು 50 ಗ್ರಾಂ, 12.5. ಹೆಸರುಕಾಳು 30 ಗ್ರಾಂ, 5.1. ಒಟ್ಟು 30.6." ಉತ್ತರದ ಸುತ್ತ ಒಂದು ಡಬ್ಬಿ ಎಳೆದಿದ್ದರು, ಪರೀಕ್ಷೆಯಲ್ಲಿ ಎಳೆಯುತ್ತೇವಲ್ಲ ಹಾಗೆ.

ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ನಮ್ಮ ದೇಶದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಇಡೀ ಕಡಲೆಕಾಳಿನಲ್ಲಿ 25 ಗ್ರಾಂ ನಾರು, ಹೆಸರುಕಾಳಿನಲ್ಲಿ 17. ಅದೇ ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೇಷ್ಟ್ರಿಗೆ ಇದು ಆಶ್ಚರ್ಯ. ನಾರು ಅಂದರೆ ನಾರಿನ ಹಾಗೆ ಕಾಣಬೇಕು ಅಂತ ಅವರ ಎಣಿಕೆ. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿಕೊಳ್ಳುತ್ತದಲ್ಲ, ಆ ನೂಲು. ಕಾಟು ಮಾವಿನ ಗೊರಟೆಯ ಕೂದಲು. ನಮ್ಮ ಭಾಷೆಯಲ್ಲಿ ಆ ಹೆಸರಿಟ್ಟಿದ್ದೇ ಸ್ವಲ್ಪ ದಾರಿ ತಪ್ಪಿಸಿದೆ. ಗಿಡದಿಂದ ಬಂದ ಊಟದಲ್ಲಿ ನಮ್ಮ ಸಣ್ಣ ಕರುಳಿಗೆ ಒಡೆಯಲು ಬಾರದ ಪಿಷ್ಟ, ಅಂಟು, ಹೊಟ್ಟು, ಸಿಪ್ಪೆ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತದೆ. ಬೆಂಡೆಕಾಯಿಯ ಲೋಳೆಯೂ ನಾರೇ. ಬಾಳೆಕಾಯಿಯ ಹಿಟ್ಟಿನ ಒಂದು ಭಾಗವೂ ನಾರೇ.

ಮರುದಿನ ಬೆಳಿಗ್ಗೆ ಬ್ರೆಡ್ ಜೊತೆ ಮೊಳಕೆ ಹೆಸರುಕಾಳು, ಹಸಿಯಾಗಿಯೇ. ಸಂಜೆ ಕಡಲೆ ಉಸಲಿ. ರಾತ್ರಿ ಪಕ್ಕದ ಮನೆಯವರು ಹೇಳಿದ್ದರು ಅಂತ ಎರಡು ದೊಡ್ಡ ಚಮಚ ಇಸಬ್‌ಗೋಲ್, ಅರ್ಧ ಲೋಟ ನೀರಿನಲ್ಲಿ. ಇದು ಲೆಕ್ಕದಲ್ಲಿ ಇರಲಿಲ್ಲ. "ಬೋನಸ್" ಅಂತ ಬರೆದುಕೊಂಡಿದ್ದರು.

ಮೂರನೇ ರಾತ್ರಿ ಎರಡು ಗಂಟೆಗೆ ಎದೆಯ ಎಡಗಡೆ, ಪಕ್ಕೆಲುಬಿನ ಕೆಳಗೆ ಹಿಂಡಿದ ಹಾಗೆ ನೋವು. ಬೆವರು. ಮಗ ಗಾಬರಿಯಿಂದ ಕಾರು ತೆಗೆದ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ಪರೀಕ್ಷೆ ಮಾಡಿದರು, ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿದರು. ಹೃದಯಕ್ಕೆ ಏನೂ ಆಗಿರಲಿಲ್ಲ. ಗ್ಯಾಸು. ದೊಡ್ಡ ಕರುಳು ಎಡಗಡೆ ಪಕ್ಕೆಲುಬಿನ ಕೆಳಗೆ ಒಂದು ಕಡೆ ತಿರುವು ತೆಗೆದುಕೊಳ್ಳುತ್ತದೆ. ಗಾಳಿ ಅಲ್ಲಿ ಸಿಕ್ಕಿಕೊಂಡರೆ ಎದೆನೋವಿನ ಹಾಗೇ ಕಾಣುತ್ತದೆ. ಅವರು ಆಸ್ಪತ್ರೆಗೆ ಓಡಿದ್ದು ನೂರಕ್ಕೆ ನೂರು ಸರಿ. ಈ ವಯಸ್ಸಿನಲ್ಲಿ ಎದೆನೋವನ್ನು "ಗ್ಯಾಸೇ ಇರಬೇಕು" ಅಂತ ಮನೆಯಲ್ಲಿ ತೀರ್ಮಾನ ಮಾಡಬಾರದು. ತಪ್ಪು ಆಗಿದ್ದು ಅದಕ್ಕಿಂತ ಮೊದಲು, ನನ್ನ ಚೀಟಿಯಲ್ಲಿ.

ದನದ ಹೊಟ್ಟೆ, ಮೇಷ್ಟ್ರ ಹೊಟ್ಟೆ

ಎರಡನೇ ಸಲ ಬಂದಾಗ ಜೊತೆಗೆ ಅವರ ಹೆಂಡತಿಯೂ ಇದ್ದರು, ಅವರನ್ನು ನಾನು ಅಮ್ಮ ಅನ್ನುತ್ತೇನೆ. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದರು: "ಮಳೆ ಬಿದ್ದ ಹೊಸದ್ರಲ್ಲಿ ದನ ಎಳೇ ಹುಲ್ಲು ಗಬಗಬ ಮೇದು ಹೊಟ್ಟೆ ಉಬ್ಬರಿಸ್ಕೊಂಡು ಬಿದ್ಕೊಳ್ತದಲ್ಲ, ಇವರಿಗೂ ಹಂಗೇ ಆಯ್ತು ಮಾರಾಯ್ತಿ."

ನಾನು ಹತ್ತು ವರ್ಷದಿಂದ ಹುಡುಕುತ್ತಿದ್ದ ಉದಾಹರಣೆ ಅದು! ಬೇಸಿಗೆ ಇಡೀ ಒಣಹುಲ್ಲು ತಿಂದ ದನದ ಹೊಟ್ಟೆಯಲ್ಲಿ ಒಣಹುಲ್ಲಿಗೆ ಒಗ್ಗಿದ ಸೂಕ್ಷ್ಮಜೀವಿಗಳೇ ಜಾಸ್ತಿ. ಒಮ್ಮೆಗೇ ಎಳೆ ಹುಲ್ಲು ಬಿದ್ದರೆ ಅದು ಭರಭರ ಹುದುಗು ಬರುತ್ತದೆ, ನೊರೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕೊಟ್ಟಿಗೆ ಕಂಡವರು ಯಾರೂ ಮೇವನ್ನು ದಿಢೀರ್ ಬದಲಿಸುವುದಿಲ್ಲ. ದನದ ವಿಷಯದಲ್ಲಿ ಗೊತ್ತಿರುವ ಈ ಸಂಗತಿಯನ್ನು ನಮಗೆ ನಾವೇ ಅನ್ವಯಿಸಿಕೊಳ್ಳುವುದಿಲ್ಲ ಅಷ್ಟೇ.

ಮನುಷ್ಯನಲ್ಲಿ ಈ ಕೆಲಸ ನಡೆಯುವುದು ದೊಡ್ಡ ಕರುಳಿನಲ್ಲಿ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ನಮ್ಮದೇ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಲ್ಲಿ. ಪಿಷ್ಟ, ಸಕ್ಕರೆ ಒಡೆಯಲು ನಮ್ಮ ಮೈ ತಯಾರಿಸುವ ಕಿಣ್ವಗಳು ಬೆರಳೆಣಿಕೆಯಷ್ಟು. ಕರುಳಿನ ಕೆಲವು ಜಾತಿಯ ಬ್ಯಾಕ್ಟೀರಿಯಾದ ಹತ್ತಿರ ಇನ್ನೂರಕ್ಕೂ ಜಾಸ್ತಿ ಇವೆ. ಹಾಗಾಗಿ ನಾವು ಅರಗಿಸಲಾರದೆ ಕೆಳಗೆ ಕಳಿಸಿದ್ದು ಅವುಗಳಿಗೆ ಊಟ. ಅವು ತಿಂದು ಬಿಡುವುದು ಮೂರು ಸಣ್ಣ ಆಮ್ಲ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಜೊತೆಗೆ ಗಾಳಿ.

ಬ್ಯುಟಿರೇಟ್‌ಗೆ ಆ ಹೆಸರು ಬಂದಿದ್ದೇ ಬೆಣ್ಣೆಯಿಂದ. ಮುಗ್ಗಿದ ಬೆಣ್ಣೆಯ ವಾಸನೆ ಅದರದ್ದೇ. ಆದರೆ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಅವು ಬಳಸುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಪ್ಪತ್ತು ಭಾಗ ಅದರಿಂದ ಬರುತ್ತದೆ. ಗೋಡೆ ಗಟ್ಟಿ ಇರಲು, ಉರಿಯೂತ ತಗ್ಗಲು ಅದು ಬೇಕು. ಊಟದಲ್ಲಿ ನಾರು ಇಲ್ಲದಿದ್ದರೆ? 2016ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ನಾರು ನಿಲ್ಲಿಸಿದಾಗ ಕರುಳಿನ ಬ್ಯಾಕ್ಟೀರಿಯಾಗಳು ಗೋಡೆಯ ಮೇಲಿನ ಲೋಳೆಪದರವನ್ನೇ ಮೆಲ್ಲತೊಡಗಿದವು. ಪದರ ತೆಳ್ಳಗಾಯಿತು, ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಗೋಡೆ ಮುಟ್ಟಿತು. ಇಲಿಯಲ್ಲಿ ಆಗಿದ್ದೆಲ್ಲ ಮನುಷ್ಯರಲ್ಲಿ ಹಾಗೇ ಆಗಬೇಕೆಂದಿಲ್ಲ. ಆದರೂ ಮೇಷ್ಟ್ರಿಗೆ ಇದನ್ನು ಹೇಳಿದಾಗ ಒಂದು ನಿಮಿಷ ಸುಮ್ಮನಾದರು. "ಮೇವು ಹಾಕ್ದಿದ್ರೆ ದನ ಬೇಲಿ ತಿನ್ನತ್ತೆ" ಅಂದರು.

ಮನುಷ್ಯರ ಮೇಲೆ ನಡೆದದ್ದೂ ಇದೆ. 2015ರಲ್ಲಿ ಅಮೆರಿಕದ 20 ಜನ ಆಫ್ರಿಕನ್ ಮೂಲದವರಿಗೂ ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನರಿಗೂ ಊಟ ಅದಲು ಬದಲು ಮಾಡಿದರು. ಎರಡೇ ವಾರ. ನಾರು ಜಾಸ್ತಿ, ಕೊಬ್ಬು ಕಮ್ಮಿ ತಿಂದ ಅಮೆರಿಕದವರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಉರಿಯೂತ ಇಳಿಯಿತು. ಹಳ್ಳಿಯವರಲ್ಲಿ ಇದು ತಿರುಗುಮುರುಗು. ಇನ್ನು 2019ರಲ್ಲಿ ನೂರಾರು ಅಧ್ಯಯನ ಒಟ್ಟು ಹಾಕಿ ನೋಡಿದಾಗ, ನಾರು ತುಂಬ ಜಾಸ್ತಿ ತಿನ್ನುವವರಲ್ಲಿ ತೀರಾ ಕಮ್ಮಿ ತಿನ್ನುವವರಿಗಿಂತ ಸಾವು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ನೂರಕ್ಕೆ 15ರಿಂದ 30 ಭಾಗ ಕಮ್ಮಿ ಇತ್ತು. ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಲ್ಲಿ ಲಾಭ ಚೆನ್ನಾಗಿ ಕಂಡಿತು. ಹಾಗಾಗಿ ನಾನು ಬರೆದ ಅಂಕಿ ತಪ್ಪಲ್ಲ. ಅಲ್ಲಿಗೆ ಹೋಗುವ ದಾರಿ ಬರೆದಿರಲಿಲ್ಲ.

ಮೇಷ್ಟ್ರ ಹೊಟ್ಟೆಯ ಬ್ಯಾಕ್ಟೀರಿಯಾ ಒಂದೂವರೆ ವರ್ಷ ಬ್ರೆಡ್ಡು, ಬಿಳಿ ಅನ್ನಕ್ಕೆ ಒಗ್ಗಿದ್ದವು. ಕಡಲೆಯಲ್ಲಿ ನಾವು ಒಡೆಯಲಾರದ ರಾಫಿನೋಸ್ ತರದ ಸಕ್ಕರೆಗಳಿವೆ, ಅವು ಇಡಿಯಾಗಿ ದೊಡ್ಡ ಕರುಳಿಗೆ ಇಳಿದು ಬೇಗ ಹುದುಗುತ್ತವೆ. ಅದರ ಮೇಲೆ ಎರಡು ಚಮಚ ಇಸಬ್‌ಗೋಲ್ ಅರ್ಧ ಲೋಟ ನೀರಿನಲ್ಲಿ. ಅದು ನೀರು ಹೀರಿ ಊದುವ ವಸ್ತು. ನೀರು ಸಾಲದಿದ್ದರೆ ಇದ್ದ ಕಟ್ಟನ್ನು ಇನ್ನೂ ಬಿಗಿ ಮಾಡುತ್ತದೆ. ಮುಂದೆ ದಾರಿ ಕಟ್ಟಿದೆ, ಹಿಂದೆ ಗಾಳಿ ತುಂಬುತ್ತಿದೆ. ಇನ್ನೇನಾಗಬೇಕು?

ಅಮ್ಮ ಹೇಳಿದ ಪಟ್ಟಿ

"ಊರಲ್ಲಿ ಇದ್ದಾಗ ಈ ಕಾಯಿಲೆ ಇರ್ಲಿಲ್ಲ. ಆಗ ಎಂತ ತಿಂತಿದ್ರು ಅಂತ ನೀವು ಕೇಳ್ಲೇ ಇಲ್ವಲ್ಲ" ಅಂದರು ಅಮ್ಮ. ನಿಜ. ನಿನ್ನೆ ತಿಂದದ್ದು ಕೇಳಿದ್ದೆ, ಅರವತ್ತು ವರ್ಷ ತಿಂದದ್ದು ಕೇಳಿರಲಿಲ್ಲ.

ಅವರು ಬೆರಳು ಮಡಚುತ್ತ ಹೋದರು. ಬೆಳಿಗ್ಗೆ ಕೆಂಪು ಕುಚ್ಚಲಕ್ಕಿ ಗಂಜಿ, ಇಲ್ಲವೇ ರಾತ್ರಿಯ ಅನ್ನಕ್ಕೆ ಮಜ್ಜಿಗೆ. ಮಳೆಗಾಲಕ್ಕೆ ಕೆಸುವಿನ ಸೊಪ್ಪು, ಪತ್ರೊಡೆ, ಕಳಲೆ. ಹಿತ್ತಲ ಬಸಳೆ, ಹರಿವೆ. ಒಂದೆಲಗದ ತಂಬುಳಿ. ಹಲಸಿನಕಾಯಿ ಪಲ್ಯ, ಹಣ್ಣು ಮುಗಿದ ಮೇಲೆ ಹಲಸಿನ ಬೀಜದ ಸಾರು. ಬಾಳೆದಿಂಡು, ಬಾಳೆಹೂವು, ಬಾಳೆಕಾಯಿ. ಸುವರ್ಣಗಡ್ಡೆ. ಸೌತೆಕಾಯಿ ಹುಳಿ. ಅಲಸಂದೆ, ಹುರುಳಿ. ಎಡಗೈ ಬೆರಳು ಮುಗಿದು, ಬಲಗೈಯದೂ ಮುಗಿದು, ಮತ್ತೆ ಎಡಗೈಗೆ ಬಂದರು. ನಾನು ಬರೆಯುವುದು ನಿಲ್ಲಿಸಿ ಸುಮ್ನೆ ಕೇಳುತ್ತ ಕೂತೆ.

ಈ ಪಟ್ಟಿ ಕೇಳಿ ಹಿಂದಿನ ಕಾಲವೇ ಚೆಂದ ಅಂತ ಶುರು ಮಾಡುವುದು ಸುಲಭ. ನನಗೆ ಆ ರಾಗ ಇಷ್ಟವಿಲ್ಲ. ಈಗ ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೂ ಬೇಕರಿ ಬ್ರೆಡ್ಡು ಬೈಕಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಅಲ್ಲದೆ ಊರಲ್ಲಿ ಮೇಷ್ಟ್ರು ದಿನಾ ತೋಟದ ಇಳಿಜಾರು ಹತ್ತಿಳಿಯುತ್ತಿದ್ದರು. ಊಟ ಒಂದೇ ಬದಲಾಗಿದ್ದಲ್ಲ. ಆದರೆ ಪಟ್ಟಿಯಲ್ಲಿ ಒಂದು ವಿಷಯ ಇತ್ತು: ವಾರಕ್ಕೆ ಎಷ್ಟು ಬಗೆಯ ಗಿಡ. 2018ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ವಾರಕ್ಕೆ 30ಕ್ಕಿಂತ ಜಾಸ್ತಿ ಬಗೆಯ ಸಸ್ಯ ತಿನ್ನುವವರ ಕರುಳಿನಲ್ಲಿ, 10 ಅಥವಾ ಕಮ್ಮಿ ತಿನ್ನುವವರಿಗಿಂತ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತ್ತು. ಮೇಷ್ಟ್ರು ಶಿವಮೊಗ್ಗದ ತಮ್ಮ ಒಂದು ವಾರವನ್ನು ಎಣಿಸಿದರು. ಅಕ್ಕಿ, ಗೋಧಿ, ತೊಗರಿಬೇಳೆ, ಬೀನ್ಸ್, ಟೊಮೆಟೊ, ಬಾಳೆಹಣ್ಣು, ತೆಂಗಿನಕಾಯಿ. "ಏಳು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಫಿ ಸೇರಿದ್ರೆ ಎಂಟು."

ಹೊಸ ಚೀಟಿಯಲ್ಲಿ 30 ಅನ್ನುವ ಅಂಕಿಯೇ ಇರಲಿಲ್ಲ. ಮೊದಲ ವಾರ ಎರಡೇ ಬದಲಾವಣೆ: ಬ್ರೆಡ್ಡಿನ ಬದಲು ಕುಚ್ಚಲಕ್ಕಿ ಗಂಜಿ, ಬಿಸ್ಕೆಟ್ ಬದಲು ಅರ್ಧ ಪೇರಲೆ ಹಣ್ಣು. ಕಾಳು ಪೂರ್ತಿ ಬಂದ್. ಇಸಬ್‌ಗೋಲ್ ಒಂದೇ ಟೀ ಚಮಚ, ಒಂದು ದೊಡ್ಡ ಲೋಟ ನೀರಿಗೆ, ಅದರ ಮೇಲೆ ಇನ್ನೊಂದು ಲೋಟ ನೀರು. ದಿನಕ್ಕೆ ಒಟ್ಟು ಎರಡು ಲೀಟರ್. ಬಾಯಾರಿಕೆ ಆಗದಿದ್ದರೂ ಕುಡಿಯಬೇಕು, ಜೀರಿಗೆ ಹಾಕಿದ ಬಿಸಿನೀರಾದರೂ ಸರಿ.

ಕುಚ್ಚಲಕ್ಕಿ ಬಗ್ಗೆ ಒಂದು ಮಾತು. ಪೇಟೆಯಲ್ಲಿ ಸಿಗುವ ಬೆಳ್ಳಗಿನ ಕುಚ್ಚಲಕ್ಕಿಯನ್ನು ಚೆನ್ನಾಗಿ ಪಾಲಿಷ್ ಮಾಡಿರುತ್ತಾರೆ. ಅದರಲ್ಲಿ ನಾರು ಬಿಳಿ ಅಕ್ಕಿಗಿಂತ ಒಂದು ಗ್ರಾಂ ಜಾಸ್ತಿ, ಅಷ್ಟೇ. ಕೆಂಪು ತೌಡು ಉಳಿದಿರುವುದು ಬೇಕು. ಅಮ್ಮ ಊರಿನ ಮಿಲ್ಲಿನಿಂದ ತರಿಸಿದರು. ಸೊಸೆ ಕುಕ್ಕರಿನಲ್ಲಿ ಬೇಯಿಸಿ ನೋಡಿದಳಂತೆ, ಬೆಂದಿರಲಿಲ್ಲ. ಅತ್ತೆ ರಾತ್ರಿಯೇ ನೆನೆಹಾಕಿದ ಮೇಲೆ ಸರಿಹೋಯಿತು.

ಎರಡನೇ ವಾರದಿಂದ ಪಲ್ಯ ದೊಡ್ಡದಾಯಿತು. ಎರಡು ಸೌಟು ಅನ್ನಕ್ಕೆ ಒಂದು ಸೌಟು ಪಲ್ಯ. ಗಾಂಧಿ ಬಜಾರಿಗೆ ಹೋಗಿ ವಾರಕ್ಕೊಂದು ಹೊಸ ತರಕಾರಿ ತರುವುದು ಮೇಷ್ಟ್ರ ಕೆಲಸ. ಅದರಿಂದ ನಡಿಗೆಯೂ ಆಯಿತು. ನಾಲ್ಕನೇ ವಾರ ಕಾಳು ವಾಪಸ್ ಬಂತು. ಮೊದಲು ಹೆಸರುಕಾಳು, ಒಂದು ಹಿಡಿ, ಬೇಯಿಸಿದ್ದು. ಆಮೇಲೆ ಅಲಸಂದೆ. ಕಡಲೆ ಎಲ್ಲಕ್ಕಿಂತ ಕೊನೆಗೆ. ಎಲ್ಲವನ್ನೂ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಗಾಳಿ ಮಾಡುವ ಸಕ್ಕರೆಯ ಒಂದಷ್ಟು ಪಾಲು ಆ ನೀರಿನಲ್ಲೇ ಹೋಗುತ್ತದೆ. ಹೊಟ್ಟೆ ಉಬ್ಬರಿಸಿದರೆ ಹಿಂದಿನ ವಾರದ ಅಳತೆಗೆ ವಾಪಸ್. ಲೆಕ್ಕ ನೋಡಿದರೆ ವಾರಕ್ಕೆ ಎರಡು ಮೂರು ಗ್ರಾಂ ಏರಿಕೆ.

ರಾಗಿ ಹತ್ತಿರ ಜಗಳ ಆಯಿತು. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿದೆ, ಬಿಡುವ ಮನಸ್ಸಿರಲಿಲ್ಲ ನನಗೆ. ಮೇಷ್ಟ್ರು ಕೈ ಮುಗಿದರು. "ಮುದ್ದೆ ಬಯಲುಸೀಮೆಯೋರದ್ದು. ನಮಗೆ ಗಂಟಲಲ್ಲಿ ಇಳಿಯಲ್ಲ." ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಲು ಒಪ್ಪಿದರು. ಅದೂ ವಾರಕ್ಕೆ ಮೂರು ದಿನ.

ತಂಗಳನ್ನದ ಬಗ್ಗೆ ಅಮ್ಮ ಕೇಳಿದರು. ಬೆಂದ ಅನ್ನ ತಣ್ಣಗಾದಾಗ ಪಿಷ್ಟದ ಒಂದು ಪಾಲು ಮತ್ತೆ ಗಟ್ಟಿಯಾಗಿ, ಸಣ್ಣ ಕರುಳಲ್ಲಿ ಅರಗದೆ ಬ್ಯಾಕ್ಟೀರಿಯಾಗೆ ಸಿಗುತ್ತದೆ. ಲಾಭ ಇದೆ, ಆದರೆ ಸಣ್ಣದು. ಅದಕ್ಕಾಗಿ ಅನ್ನವನ್ನು ಇಡೀ ರಾತ್ರಿ ಒಲೆ ಪಕ್ಕ ಬಿಡುವುದು ಬೇಡ, ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ ಅಂದೆ. ಹೊರಗಿಟ್ಟ ಅನ್ನದಲ್ಲಿ ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು.

ನಡುವೆ ಸಿಕ್ಕ ಎರಡು ಸಂಗತಿ

ಒಂದು, ಅಮ್ಮನ ಥೈರಾಯ್ಡ್ ಮಾತ್ರೆ. ಗಂಡನ ಜೊತೆ ತಾನೂ ಅಂತ ಅವರೂ ಇಸಬ್‌ಗೋಲ್ ಶುರು ಮಾಡಿದ್ದರು, ಬೆಳಿಗ್ಗೆ ಮಾತ್ರೆಯ ಹಿಂದೆಯೇ. ನಾರಿನ ಪುಡಿ ಆ ಮಾತ್ರೆ ಮೈಗೆ ಹತ್ತುವುದನ್ನು ಕಮ್ಮಿ ಮಾಡಬಹುದು. ಮಾತು ಮಾತಿನಲ್ಲಿ ಹೊರಬಂತು, ಇಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾತ್ರೆ ಬೆಳಿಗ್ಗೆ, ಇಸಬ್‌ಗೋಲ್ ರಾತ್ರಿ ಅಂತ ಬೇರೆ ಮಾಡಿ, ಡಾಕ್ಟರಿಗೂ ತಿಳಿಸಿದೆವು.

ಎರಡು, ಮಗ. ಅವನು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಮಲದ ಸ್ಯಾಂಪಲ್ ಕಳಿಸಿದರೆ ಕರುಳಿನ ಬ್ಯಾಕ್ಟೀರಿಯಾ ಪಟ್ಟಿ ಮಾಡಿ, ಏನು ತಿನ್ನಬೇಕು ಅಂತ ಹೇಳುತ್ತಾರಂತೆ. ಸಾವಿರಾರು ರೂಪಾಯಿ. ಬೇಡಪ್ಪ ಅಂದೆ. ಸಂಶೋಧನೆಗೆ ಆ ಪರೀಕ್ಷೆ ಬೇಕು, ಸರಿ. ಆದರೆ ಒಬ್ಬ ಮನುಷ್ಯನಿಗೆ "ನಿಮ್ಮದು ಸರಿಯಾದ ಪಟ್ಟಿ, ನಿಮ್ಮದು ತಪ್ಪು" ಅನ್ನಲು ಒಪ್ಪಿತ ಅಳತೆಯೇ ಇನ್ನೂ ಇಲ್ಲ. ಆ ದುಡ್ಡಿಗೆ ಒಂದು ವರ್ಷದ ಸೊಪ್ಪು ಬರುತ್ತದೆ.

ಇಸಬ್‌ಗೋಲ್ ಬಗ್ಗೆಯೂ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ನೀರು ಹಿಡಿದು ಮಲವನ್ನು ಮೆದು ಮಾಡುತ್ತದೆ. ಕೊಲೆಸ್ಟ್ರಾಲ್ ಸ್ವಲ್ಪ ಇಳಿಸುತ್ತದೆ. ಆದರೆ ಹೆಚ್ಚು ಹುದುಗುವುದಿಲ್ಲ, ಹೊಕ್ಕಂತೆಯೇ ಹೊರಗೆ ಹೋಗುತ್ತದೆ. ಹೊಟ್ಟೆ ಹೋಗಲು ಅದು ಸಾಕು, ಬ್ಯಾಕ್ಟೀರಿಯಾಗೆ ಊಟ ಹಾಕಲು ಸಾಲದು. ಡಬ್ಬಿ ತಂದು ಕುಡಿದು, ಬ್ರೆಡ್ಡು ಬಿಸ್ಕೆಟ್ಟು ಹಾಗೇ ಮುಂದುವರಿಸುವವರು ನನ್ನ ಹತ್ತಿರ ವಾರಕ್ಕೆ ನಾಲ್ಕು ಜನ ಬರುತ್ತಾರೆ.

ನೋಟ್‌ಬುಕ್ಕಿನ ಎರಡನೇ ಅಧ್ಯಾಯ

ಮೇಷ್ಟ್ರು ದಿನಾ ಬ್ರಿಸ್ಟಲ್ ಅಂಕಿ ಬರೆಯುತ್ತ ಹೋದರು. ಹೋಗದ ದಿನ ಸೊನ್ನೆ. ಜೂನ್ ಕೊನೆಯ ಸಾಲು ಹೀಗಿತ್ತು: 0, 1, 0, 0, 2, 1, 0. ಆಗಸ್ಟಿನಲ್ಲಿ: 3, 0, 3, 4, 3, 3, 4. ಚಾರ್ಟಿನಲ್ಲಿ 3, 4 ಅಂದರೆ ಚೆನ್ನಾಗಿದೆ ಅಂತ. "ಏಳಕ್ಕೆ ನಾಲ್ಕು ಬಂದ್ರೆ ಫಸ್ಟ್ ಕ್ಲಾಸ್ ಅನ್ನೋ ಪರೀಕ್ಷೆ ನಾನು ನೋಡೇ ಇರ್ಲಿಲ್ಲ" ಅಂದರು.

ಮೂರನೇ ವಾರ ಉಬ್ಬರ ಒಮ್ಮೆ ಬಂದಿತ್ತು, ಸೊಸೆ ಪ್ರೀತಿಯಿಂದ ಎಲೆಕೋಸಿನ ಪಲ್ಯ, ಎಲೆಕೋಸಿನ ಪಕೋಡ ಎರಡೂ ಮಾಡಿದ ದಿನ. ಒಂದು ವಾರ ಹಿಂದೆ ಸರಿದು ಮತ್ತೆ ಏರಿದೆವು. ಎಂಟನೇ ವಾರದ ಹೊತ್ತಿಗೆ ನಾರು 26 ಗ್ರಾಂ ಆಸುಪಾಸು. ಅಲ್ಲಿಂದ ಮೇಲೆ ಏರಿಸಲು ನಾನು ಒತ್ತಾಯ ಮಾಡಲಿಲ್ಲ. ಗಿಡಗಳ ಎಣಿಕೆ ಎಂಟರಿಂದ 23ಕ್ಕೆ ಬಂತು. ಅಕ್ಟೋಬರಿನಲ್ಲಿ ಎಚ್‌ಬಿಎ1ಸಿ 5.9, ತೂಕ ಎರಡು ಕಿಲೋ ಕಮ್ಮಿ.

ಇದರಲ್ಲಿ ಎಷ್ಟು ನಾರಿನ ಕೆಲಸ, ಎಷ್ಟು ಬ್ಯಾಕ್ಟೀರಿಯಾದ್ದು, ಎಷ್ಟು ಗಾಂಧಿ ಬಜಾರಿನ ನಡಿಗೆಯದು, ಎಷ್ಟು ಬಿಸ್ಕೆಟ್ ಬಿಟ್ಟದ್ದರದ್ದು ಅಂತ ಬೇರೆ ಮಾಡಲು ನನ್ನಿಂದ ಆಗದು. ಒಬ್ಬರ ಕೇಸಿನಲ್ಲಿ ಅದು ಸಾಧ್ಯವೂ ಇಲ್ಲ. ಮೇಷ್ಟ್ರ ಕರುಳಿನ ಬ್ಯಾಕ್ಟೀರಿಯಾ ಬದಲಾದವು ಅಂತ ಕೂಡ ನಾನು ಹೇಳುವುದಿಲ್ಲ, ಪರೀಕ್ಷೆ ಮಾಡಿಲ್ಲವಲ್ಲ. ಜೂನ್‌ನಲ್ಲಿ ಎದೆನೋವು ತಂದ ಅದೇ 50 ಗ್ರಾಂ ಕಡಲೆಯ ಉಸಲಿ ಸೆಪ್ಟೆಂಬರಿನಲ್ಲಿ ಏನೂ ಮಾಡಲಿಲ್ಲ, ಅಷ್ಟು ಮಾತ್ರ ಗೊತ್ತು.

ಇನ್ನೊಂದು ಮಾತು ಇಲ್ಲಿ ಮುಚ್ಚಿಡಬಾರದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾರು ಜಾಸ್ತಿ ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಏರಲೇ ಇಲ್ಲ. ಏರಿದ್ದು ಮೊಸರಿನಂಥ ಹುಳಿ ಬರಿಸಿದ ಆಹಾರ ದಿನಾ ತಿಂದವರಲ್ಲಿ. ಕೆಲವೇ ವಾರಗಳ ಪ್ರಯೋಗ ಅದು. ಕಳೆದುಹೋದ ಜಾತಿಗಳು ಬರೀ ಮೇವು ಹಾಕಿದರೆ ವಾಪಸ್ ಬರಲಿಕ್ಕಿಲ್ಲ ಅನ್ನುವವರಿದ್ದಾರೆ. ಇದನ್ನು ಓದಿದ ಮೇಲೆ ಮೇಷ್ಟ್ರ ಮಧ್ಯಾಹ್ನದ ಮಜ್ಜಿಗೆಯನ್ನು ಎರಡು ಹೊತ್ತು ಮಾಡಿದೆ. ಕಡೆದ ಮಜ್ಜಿಗೆ, ಅಮ್ಮನೇ ಮಾಡಿದ್ದು. ಅದರಿಂದ ಎಷ್ಟು ಲಾಭವೋ, ನಷ್ಟವಂತೂ ಇಲ್ಲ.

ದೀಪಾವಳಿಗೆ ಊರಿಗೆ ಹೋದವರು ಮೂರು ದಿನ ಹೋಳಿಗೆ, ಕಜ್ಜಾಯದ ಮೇಲೆ ಇದ್ದರು. ನೋಟ್‌ಬುಕ್ಕಿನಲ್ಲಿ 2, 0, 1. ಮೇಷ್ಟ್ರು ಫೋನ್ ಮಾಡಿ ಒಪ್ಪಿಸಿದರು, ಹೋಮ್‌ವರ್ಕ್ ಮಾಡದ ಹುಡುಗನ ಧ್ವನಿಯಲ್ಲಿ. ಐದನೇ ದಿನಕ್ಕೆ ಮತ್ತೆ 3. ವಾಪಸ್ ಬರುವಾಗ ಒಂದು ಗೋಣಿಚೀಲ ತುಂಬ ಬಾಳೆದಿಂಡು, ಸುವರ್ಣಗಡ್ಡೆ ತಂದಿದ್ದರು, ನನಗೂ ಒಂದು ಪಾಲು.

ಮುಂದಿನ ಎಚ್‌ಬಿಎ1ಸಿ ಫೆಬ್ರವರಿಯಲ್ಲಿ. ಇಸಬ್‌ಗೋಲ್ ಡಬ್ಬಿ ಈಗ ಪ್ರಯಾಣದ ಚೀಲದಲ್ಲಿ ಮಾತ್ರ ಇರುತ್ತದೆ. ನನ್ನ ಚೀಟಿಯ ನಮೂನೆಯೂ ಬದಲಾಗಿದೆ. ಮೊದಲ ಸಾಲಿನಲ್ಲಿ ಈಗ ಗ್ರಾಮಿನ ಲೆಕ್ಕ ಇಲ್ಲ, "ಈ ವಾರ ಏನು" ಅನ್ನುವ ಒಂದು ಖಾಲಿ ಗೆರೆ ಇದೆ.